ಭದ್ರಾವತಿಗೆ ಮಾತ್ರ ಬಂದ ಮದುಮಗ

ನನ್ನ ಗಂಡನ ವೀಸಾದಲ್ಲಿ ಇದ್ದದ್ದು ಒಂದೇ ಊರಿನ ಹೆಸರು, ಭದ್ರಾವತಿ. ನನ್ನ ತವರು ಶಿವಮೊಗ್ಗ. ನಡುವಿನ ದಾರಿ ಪ್ಯಾಸೆಂಜರ್ ರೈಲಿನಲ್ಲಿ ಒಂದು ಪೊಟ್ಟಣ ಕಡಲೆಕಾಯಿ ಮುಗಿಯುವಷ್ಟು. ಅಷ್ಟು ದಾರಿಯನ್ನು ದಾಟಿ ಬರುವ ಹಕ್ಕು ಅವರಿಗಿರಲಿಲ್ಲ. ಈಗಿನ ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ, "ವೀಸಾ ಅಂದ್ರೆ ದೇಶಕ್ಕಲ್ವಾ ದಾದಿ, ಊರೂರಿಗೂ ಇರುತ್ತಾ?" ಎಂದು ನಗುತ್ತಾರೆ. ಇತ್ತು, ಮೈ ಡಿಯರ್. ಕರಾಚಿಯಿಂದ ಬಂದವರಿಗೆ ಇತ್ತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಬ್ಬಾನಿಗೆ ಸವಳಂಗ ರಸ್ತೆಯಲ್ಲಿ ಮೋಟಾರು ರಿಪೇರಿಯ ವರ್ಕ್‌ಶಾಪ್ ಇತ್ತು. ಊರಿನ ಲಾರಿಗಳು, ಬಸ್ಸುಗಳು, ಕೆಟ್ಟು ನಿಂತಾಗ ಪೊಲೀಸರ ಜೀಪು ಕೂಡ ಅಲ್ಲಿಗೇ ಬರುತ್ತಿದ್ದವು. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರಿಂದ ನನ್ನನ್ನು ಸಾಕಿದವರು ತಾಯಿಯ ತಾಯಿ, ನಮ್ಮ ನಾನಿ. ಅಬ್ಬಾ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಓದು ಮುಗಿದ ಮೇಲೆ ಅಲ್ಲೇ ಕೆಳಗಿನ ತರಗತಿಗಳಿಗೆ ಟೀಚರ್ ಆದೆ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಕಾನ್ವೆಂಟಿನಲ್ಲಿ ಇಂಗ್ಲಿಷ್. ಮೂರರಲ್ಲೂ ಜಗಳವಾಡಬಲ್ಲೆ. ಲೆಕ್ಕ ಎಣಿಸುವುದು ಮಾತ್ರ ಇವತ್ತಿಗೂ ಇಂಗ್ಲಿಷಿನಲ್ಲೇ ಬರುತ್ತದೆ.

ನನ್ನ ತಾಯಿಯ ತಂಗಿ, ನನ್ನ ಖಾಲಾ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದರು. ಅವರ ಹಿರಿಯ ಮಗನಿಗೆ ಕರಾಚಿಯಲ್ಲಿ ಹಡಗು ರಿಪೇರಿಯ ಕೆಲಸ ಸಿಕ್ಕಿತ್ತು. ದೇಶ ಎರಡಾದ ಹೊಸತರಲ್ಲಿ ಆತ ತಮ್ಮನನ್ನೂ ಅಲ್ಲಿಗೆ ಕರೆಸಿಕೊಂಡ. ತಮ್ಮನಿಗೆ ಆಗ ಮೀಸೆ ಮೂಡುವ ವಯಸ್ಸು. ಪಾಸ್‌ಪೋರ್ಟ್ ಎಂಬ ಮಾತೇ ಇರಲಿಲ್ಲ. ಟಿಕೆಟ್ ತೆಗೆದುಕೊಂಡು ಹೋದ ಹುಡುಗ, ತಂಗಿಯ ಮದುವೆಗೆಂದು ವಾಪಸ್ ಬರುವ ಹೊತ್ತಿಗೆ ಫಾರಿನರ್ ಆಗಿಬಿಟ್ಟಿದ್ದ. ಮೂರು ತಿಂಗಳ ವೀಸಾ. ಬಂದ ಕೂಡಲೇ ಪೊಲೀಸರಲ್ಲಿ ಹಾಜರಿ. ಊರು ಬಿಟ್ಟು ಹೋಗುವಂತಿಲ್ಲ.

ಆ ಮದುವೆ ಮನೆಯಲ್ಲೇ ನಾನು ಅವರನ್ನು ಸರಿಯಾಗಿ ನೋಡಿದ್ದು. ಕಬಾಬಿಗೆ ಮಾಂಸ ಅರೆಯುವ ಮಷೀನು ಕೆಟ್ಟು ಬಾಣಸಿಗರು ಅದನ್ನು ಬೈಯುತ್ತ ನಿಂತಿದ್ದರು. ಈ ಫಾರಿನರ್ ಸಾಹೇಬರು ಬಿಳಿ ಷರ್ಟಿನ ತೋಳು ಮಡಿಚಿ, ಹಿತ್ತಿಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಸ್ಕ್ರೂ ತಿರುಗಿಸುತ್ತ ಮೆಲ್ಲಗೆ ಎಣಿಸುತ್ತಿದ್ದರು: "ಒಂದು, ಎರಡು, ಮೂರು, ಮೂರೂವರೆ…" ಕರಾಚಿಯಿಂದ ಬಂದ ಮನುಷ್ಯ ಅಪ್ಪಟ ಭದ್ರಾವತಿ ಕನ್ನಡದಲ್ಲಿ ಎಣಿಸುವುದನ್ನು ಕೇಳಿ ನನಗೆ ನಗು ಬಂತು. ತಲೆ ಎತ್ತಿ ನೋಡಿದರು. ಮಾಂಸದ ಚೂರು ಮೂಗಿನ ಮೇಲಿತ್ತು. ವೆರಿ ರೊಮ್ಯಾಂಟಿಕ್, ಎಂದು ನೀವು ಹೇಳಬಹುದು.

ನಾನಿಯ ಕಣ್ಣಿಗೆ ಇದೆಲ್ಲ ಬೀಳದೆ ಇರುತ್ತದೆಯೇ? ಅವರು ಹುಡುಗನಿಗೂ ಅಜ್ಜಿ, ಹುಡುಗಿಗೂ ಅಜ್ಜಿ. ಸಂಜೆಯೊಳಗೆ ಮಾತು ಮುಗಿಸಿಬಿಟ್ಟರು. "ಚಪ್ಪರ ಬಿಚ್ಚಬೇಡಿ. ಇನ್ನೊಂದು ಮದುವೆ ಇದೆ," ಎಂದರು. ಅಬ್ಬಾ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, ನಾನು ಹೂಂ ಅಂದೆ. ಮುಂದೆ ಎಲ್ಲಿ ಬದುಕುವುದು ಎಂಬ ಪ್ರಶ್ನೆಯನ್ನು ಆ ಸಂಭ್ರಮದಲ್ಲಿ ಯಾರೂ ಎತ್ತಲಿಲ್ಲ. ಎತ್ತಬೇಕಾಗಿತ್ತು, ಫ್ರಾಂಕ್ಲಿ.

ನಮ್ಮಲ್ಲಿ ನಿಕಾಹ್ ಆಗುವುದು ಹುಡುಗಿಯ ಮನೆಯಲ್ಲಿ. ಆದರೆ ಹುಡುಗ ಶಿವಮೊಗ್ಗಕ್ಕೆ ಬರುವಂತಿಲ್ಲವಲ್ಲ! ನಾವೇ ಪಾತ್ರೆ ಪಡಗ, ಹಾಸಿಗೆ, ನೆಂಟರು ಎಲ್ಲರನ್ನೂ ರೈಲಿಗೆ ಹತ್ತಿಸಿಕೊಂಡು ಭದ್ರಾವತಿಗೆ ಹೋದೆವು. ನಾನಿಗೆ ಇದು ದೊಡ್ಡ ಅವಮಾನ. "ಹುಡುಗಿಯನ್ನ ಹೊತ್ಕೊಂಡು ಹೋಗಿ ಹುಡುಗನ ಬಾಗಿಲಿಗೆ ಇಳಿಸೋದಾ? ತರಕಾರಿಯಾ ಇವಳು?" ಎಂದು ದಾರಿಯುದ್ದಕ್ಕೂ ಗೊಣಗಿದರು. ನಿಕಾಹ್ ಚೆನ್ನಾಗಿಯೇ ಆಯಿತು. ನಾನು ಖಾಲಾನ ಕ್ವಾರ್ಟರ್ಸಿನಲ್ಲಿ ಸೊಸೆಯಾಗಿ ಉಳಿದೆ. ಹೊರಡುವ ಮುಂಚೆ ನಾನಿ ಬೆರಳು ಎತ್ತಿ ಘೋಷಿಸಿದರು: "ನಿಕಾಹ್ ಬಿಟ್ಟುಕೊಟ್ಟೆ. ಜುಮಾಗಿ ಬಿಡಲ್ಲ!"

ಜುಮಾಗಿ ಎಂದರೆ ಮದುವೆಯಾದ ಮೇಲೆ ಐದು ಶುಕ್ರವಾರ ಅಳಿಯನನ್ನು ಹೆಂಡತಿಯ ತವರಿಗೆ ಕರೆದು ಔತಣ ಕೊಡುವ ರೂಢಿ. ಅಳಿಯ ಬರದಿದ್ದರೆ ತವರಿಗೆ ತಲೆ ಎತ್ತಿ ನಡೆಯಲಾಗದು. "ಅಮ್ಮೀ, ಅವನಿಗೆ ಪರ್ಮಿಷನ್ ಇಲ್ಲ," ಎಂದು ಅಬ್ಬಾ ಹೇಳಿ ನೋಡಿದರು.

"ಅಳಿಯ ಊಟಕ್ಕೆ ಬರೋದಕ್ಕೂ ಸರ್ಕಾರಕ್ಕೂ ಏನು ಸಂಬಂಧ? ಉಂಡು ಕೈ ತೊಳೆದು ಹೋಗ್ತಾನೆ. ಶಿವಮೊಗ್ಗನ ಜೇಬಲ್ಲಿ ಇಟ್ಕೊಂಡು ಹೋಗ್ತಾನಾ?"

"ನಕ್ಕೋ ಅಮ್ಮೀ, ಬೇಡ," ಎಂದರು ಅಬ್ಬಾ. ಬೇಡ ಎಂದ ಮನುಷ್ಯ ಮೊದಲ ಶುಕ್ರವಾರವೇ ಸ್ಪೇರ್ ಪಾರ್ಟ್ ತರಲು ದಾವಣಗೆರೆಗೆ ಹೋಗಬೇಕಾಯಿತು. ನಾನಿಗೆ ಅಷ್ಟು ಸಾಕಾಗಿತ್ತು. ನಮಗೆ ಹೇಳಿಕಳಿಸಿದರು. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬಂದರೆ ಯಾರಿಗೆ ತಿಳಿಯುತ್ತದೆ ಎಂದು ಖಾಲಾನೂ ಹೇಳಿದರು. ನಾನು ಹೊಸ ಸೀರೆ ಉಟ್ಟೆ, ಅವರು ಟೋಪಿ ಹಾಕಿದರು, ಹೊರಟೆವು.

ನಾನಿ ಮಾಡಿದ ಕೆಲಸ ನಮಗಾರಿಗೂ ಗೊತ್ತಿರಲಿಲ್ಲ. ಫಾರಿನರ್‌ಗಳ ಕಾಗದಪತ್ರ ನೋಡುವ ಪೊಲೀಸ್ ಇನ್ಸ್‌ಪೆಕ್ಟರ್ ಒಬ್ಬರು ಶಿವಮೊಗ್ಗದಲ್ಲಿದ್ದರು. ಜೀಪಿನ ರಿಪೇರಿಗೆಂದು ವರ್ಕ್‌ಶಾಪಿಗೆ ಬಂದಾಗ ಅಬ್ಬಾನ ಜೊತೆ ಚಹಾ ಕುಡಿಯುತ್ತಿದ್ದರು. ಭದ್ರಾವತಿಗೇ ಹೋಗಿ ಮೊಮ್ಮಗನ ಹಾಜರಿ ಹಾಕಿಕೊಂಡು ಒಳ್ಳೆಯ ಮಾತಾಡಿದ್ದರಂತೆ. ಉಪಕಾರ ಮಾಡಿದವರನ್ನು ಊಟಕ್ಕೆ ಕರೆಯದೆ ಬಿಡುವುದು ನಾನಿಯ ಜಾಯಮಾನವಲ್ಲ. ಅವರು ಆ ಇನ್ಸ್‌ಪೆಕ್ಟರರನ್ನೇ ಜುಮಾಗಿಗೆ ಕರೆದಿದ್ದರು! ಅವರು ಮಾಂಸ ತಿನ್ನುವುದಿಲ್ಲವೆಂದು ಪಕ್ಕದ ಮೇಷ್ಟರ ಮನೆಯಲ್ಲಿ ಹೇಳಿ ಕೇಸರಿಬಾತನ್ನೂ ಮಾಡಿಸಿ ಇಟ್ಟಿದ್ದರು.

ನಮಾಜು ಮುಗಿದು ಊಟಕ್ಕೆ ಹಾಸುವ ಬಟ್ಟೆ, ದಸ್ತರಖಾನ್, ಹಾಸಿದ್ದೆವು. ನನ್ನ ಗಂಡ ಮೊದಲ ತುತ್ತು ಕಲಸಿದ್ದರಷ್ಟೇ. ಬಾಗಿಲಲ್ಲಿ ಸೈಕಲ್ ನಿಂತ ಸದ್ದಾಯಿತು. ಖಾಕಿ ಬಟ್ಟೆ, ಕೈಯಲ್ಲಿ ಟೋಪಿ. ನಾನಿ ಪರದೆಯ ಹಿಂದಿನಿಂದ ಕೂಗಿದ ಕೂಗು ಬೀದಿಗೆಲ್ಲ ಕೇಳಿಸಿರಬೇಕು: "ಬನ್ನಿ ಬನ್ನಿ ಸಾಹೇಬ್ರೇ! ಸರಿಯಾದ ಹೊತ್ತಿಗೆ ಬಂದ್ರಿ. ನಮ್ಮ ಅಳಿಯನೂ ಬಂದಿದ್ದಾನೆ!"

ತುತ್ತು ನನ್ನ ಗಂಡನ ಕೈಯಲ್ಲೇ ಇತ್ತು. ನನಗೆ ಅನಿಸಿದ್ದು ಒಂದೇ: ಇವತ್ತೇ ಇವರನ್ನು ಕರೆದುಕೊಂಡು ಹೋಗುತ್ತಾರೆ, ಗಡಿಯಾಚೆ ಬಿಡುತ್ತಾರೆ, ನಾನು ಮತ್ತೆ ಈ ಮುಖ ನೋಡುವುದಿಲ್ಲ.

ಇನ್ಸ್‌ಪೆಕ್ಟರು ಒಂದು ಕಾಲು ಹೊಸಿಲ ಮೇಲೆ ಇಟ್ಟವರು ಹಿಂದೆ ತೆಗೆದುಕೊಂಡರು. ತಮ್ಮ ಚಪ್ಪಲಿಯನ್ನೇ ನೋಡುತ್ತ ಹೇಳಿದರು, "ಅಮ್ಮಾ, ನಾನು ಬಂದಿಲ್ಲ."

"ಬಂದಿದ್ದೀರಲ್ಲ!"

"ಇಲ್ಲಮ್ಮ. ಬರಕ್ಕಾಗಲ್ಲ ಅಂತ ಹೇಳಿ ಹೋಗಣ ಅಂತ ಬಂದೆ. ಒಳಗೆ ಬಂದ್ರೆ ಯಾರಿದ್ದಾರೆ ಅಂತ ನೋಡ್ಬೇಕಾಗುತ್ತೆ. ನೋಡಿದ್ರೆ ಬರೀಬೇಕಾಗುತ್ತೆ. ಬಿಸಿಲಲ್ಲಿ ಸೈಕಲ್ ತುಳ್ಕೊಂಡು ಬಂದು ಕಣ್ಣಿಗೆ ಕತ್ತಲೆ ಕಟ್ಟಿದೆ. ಹೊಸಿಲಿಂದಾಚೆ ಏನೂ ಕಾಣ್ತಿಲ್ಲ."

"ಅಯ್ಯೋ, ಹಾಗಾದ್ರೆ ಒಂಚೂರು ಕೇಸರಿಬಾತ್…"

"ಅದೂ ಕಾಣ್ತಿಲ್ಲಮ್ಮ." ಟೋಪಿ ಹಾಕಿಕೊಂಡರು. ಆಮೇಲೆ ಬೀದಿಗೆ ಮುಖ ಮಾಡಿ, ಗಾಳಿಗೆ ಹೇಳುವವರ ಹಾಗೆ, "ಭದ್ರಾವತಿ ಕಡೆ ರೈಲು ಇವತ್ತು ಸರಿಯಾದ ಟೈಮಿಗೇ ಇದೆಯಂತೆ ಮಾರಾಯ್ರೆ," ಎಂದು ಸೈಕಲ್ ಹತ್ತಿದರು.

ನಾವು ಅಕ್ಷರಶಃ ಓಡಿದೆವು. ನಾನಿ ಹಿಂದಿನಿಂದ ಪಾಯಸದ ಬಟ್ಟಲು ಹಿಡಿದು, "ಫಿರ್ನಿ ತಿನ್ನಲಿಲ್ಲ! ಫಿರ್ನಿ!" ಎನ್ನುತ್ತಿದ್ದರು. ರೈಲು ಹೊರಟು ತುಂಗಾನದಿಯ ಊರು ಹಿಂದಾದ ಮೇಲೆ ಅವರು ಮೊದಲ ಮಾತಾಡಿದರು. "ಚಿಕ್ಕವನಿದ್ದಾಗ ಇದೇ ರೈಲಲ್ಲಿ ಟಿಕೆಟ್ ಇಲ್ದೆ ಎಷ್ಟು ಸಲ ಓಡಾಡಿದ್ದೀನಿ. ಆವಾಗ್ಲೂ ಇಷ್ಟು ಹೆದರಿರಲಿಲ್ಲ. ಇವತ್ತು ಜೇಬಲ್ಲಿ ಟಿಕೆಟ್ ಇದೆ ನೋಡು." ತಮಾಷೆಗೆಂದು ಹೇಳಿದ್ದು. ಬೆರಳಿನಲ್ಲಿ ಮಾತ್ರ ಅನ್ನದ ಅಗುಳು ಒಣಗಿತ್ತು.

ದಾವಣಗೆರೆಯಿಂದ ಬಂದ ಅಬ್ಬಾ ನಾನಿಯ ಜೊತೆ ಎರಡು ದಿನ ಮಾತು ಬಿಟ್ಟರು. ನಂತರ ಇನ್ಸ್‌ಪೆಕ್ಟರೇ ಜೀಪು ತೆಗೆದುಕೊಂಡು ವರ್ಕ್‌ಶಾಪಿಗೆ ಬಂದರಂತೆ. ಹಳೆಯ ಟೈರಿನ ಮೇಲೆ ಕೂತು ಅಬ್ಬಾನಿಗೆ ಬಿಡಿಸಿ ಹೇಳಿದ್ದನ್ನು ಅಬ್ಬಾ ಮರುದಿನವೇ ಭದ್ರಾವತಿಗೆ ಬಂದು ನಮ್ಮೆಲ್ಲರ ಮುಂದೆ ಇಟ್ಟರು.

ದಾರಿ ಎರಡು. ಮೊದಲನೆಯದು ಸಲೀಸು. ನಾನು ಪಾಸ್‌ಪೋರ್ಟ್ ಮಾಡಿಸಿಕೊಂಡು ಗಂಡನ ಜೊತೆ ಕರಾಚಿಗೆ ಹೋಗುವುದು. ಹೆಂಡತಿ ಎಂದರೆ ಅಲ್ಲಿಯವರು ಸೇರಿಸಿಕೊಳ್ಳುತ್ತಾರೆ. ಎರಡನೆಯದರಲ್ಲಿ ಅವರು ಇಲ್ಲೇ ಉಳಿಯಬೇಕು. ವೀಸಾವನ್ನು ಮುಂದುವರಿಸಿಕೊಳ್ಳುತ್ತ ಇದ್ದು, ಇಲ್ಲಿ ಹುಟ್ಟಿದವನು ಎಂಬ ಆಧಾರದ ಮೇಲೆ ಭಾರತದ ಪ್ರಜೆಯಾಗಿ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಬೇಕು. ಆಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ಹೊರಡು ಎನ್ನುತ್ತಾರೆ. ಒಮ್ಮೆ ಹಾಗೆ ಕಳಿಸಿದ ಮೇಲೆ ಮತ್ತೆ ವೀಸಾ ಸಿಗುವುದು ಕಷ್ಟ. ಅಷ್ಟರೊಳಗೆ ಅಲ್ಲಿಯ ಕೆಲಸವೂ ಹೋಗಿರುತ್ತದೆ. ಕಾಯುವಷ್ಟು ದಿನವೂ ಸಂಪಾದಿಸುವಂತಿಲ್ಲ, ಭದ್ರಾವತಿ ಬಿಟ್ಟು ಕದಲುವಂತಿಲ್ಲ. "ಇನ್ನೊಂದು ಸಲ ರೈಲಲ್ಲಿ ಕಂಡ್ರೆ ನನ್ನ ಕಣ್ಣು ಚೆನ್ನಾಗೇ ಇರುತ್ತೆ ಅಂತ ಹೇಳಿ," ಎಂದಿದ್ದರಂತೆ ಇನ್ಸ್‌ಪೆಕ್ಟರು.

"ಹೆಂಡ್ತಿ ಇಲ್ಲಿಯವಳಲ್ವಾ? ಅವಳ ಹೆಸರಲ್ಲಿ ಇವನು ಸೇರ್ಕೊಳ್ಳೋ ಹಾಗಿಲ್ವಾ?" ಎಂದು ಖಾಲಾ ಕೇಳಿದರು.

"ಇಲ್ವಂತೆ. ಹೊರಗಿನವಳು ಹೆಣ್ಣಾದ್ರೆ ಗಂಡನ ಹೆಸರಲ್ಲಿ ಸೇರ್ಕೋಬಹುದು. ಗಂಡು ಹಾಗೆ ಬರಕ್ಕಾಗಲ್ಲ."

ಹೆಂಡತಿ ಗಂಡನ ಹಿಂದೆ ಹೋಗುವುದಕ್ಕೆ ಎರಡೂ ದೇಶದವರು ಬಾಗಿಲು ತೆರೆದಿಟ್ಟಿದ್ದರು. ಗಂಡ ಹೆಂಡತಿಯ ಹಿಂದೆ ಬರುವುದನ್ನು ಯಾವ ಕಾನೂನು ಬರೆದವರೂ ಯೋಚಿಸಿರಲಿಲ್ಲ. ಅದನ್ನು ಕೇಳಿ ಕಾನ್ವೆಂಟಿನಲ್ಲಿ ಓದಿದ ನನಗೆ ಮೈ ಉರಿಯಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅವರು ಮಾತ್ರ ನೆಲ ನೋಡುತ್ತ, "ಅವಳು ಹೇಳಿದ ಹಾಗೆ," ಎಂದರು. ವೀಸಾ ಮುಗಿಯುವುದರೊಳಗೆ ನಾನು ಹೇಳಬೇಕಿತ್ತು.

ಈ ಚಿಂತೆಯ ನಡುವೆಯೂ ನಾನಿಗೆ ಜುಮಾಗಿಯದೇ ಚಿಂತೆ. ಇನ್ನೂ ನಾಲ್ಕು ಶುಕ್ರವಾರ ಬಾಕಿ. ಅಳಿಯ ತವರಿಗೆ ಬರುವಂತಿಲ್ಲ. ಮಗಳ ತವರೇ ಎದ್ದು ಬಂದರೆ? ಖಾಲಾನ ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ತಮಿಳು ಅಕ್ಕ ಇದ್ದರು. ಗಂಡ ಫರ್ನೇಸಿನಲ್ಲಿ ಕೆಲಸ, ಮನೆ ತುಂಬ ಮಕ್ಕಳು, ಬಾಯಿ ತುಂಬ ನಗು. ನಾನಿ ಅವರ ಹತ್ತಿರ ಹೋಗಿ, ಶುಕ್ರವಾರಗಳಂದು ನಿಮ್ಮ ಹಿತ್ತಿಲಲ್ಲಿ ಒಲೆ ಹೂಡಲೇ, ನಿಮ್ಮ ಜಗಲಿಯಲ್ಲಿ ಅಳಿಯನಿಗೆ ಬಡಿಸಲೇ ಎಂದು ಕೇಳಿದರು. ಅವರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಅಳಿಯ, ಊಟ ಎಂಬ ಎರಡು ಮಾತು ಸಾಕಾದವು. "ಅದಕ್ಕೇನಮ್ಮಾ, ಜಾಮ್ ಜಾಮ್ ಅಂತ ಮಾಡೋಣ," ಎಂದರು.

"ನನ್ನ ಒಲೆ ಎಲ್ಲಿ ಉರೀತದೋ ಅದೇ ನನ್ನ ಮನೆ. ಯಾವ ಪೊಲೀಸ್ ಬಂದು ಇಲ್ಲ ಅಂತಾನೋ ನೋಡ್ತೀನಿ," ಎಂದು ನಾನಿ ತೀರ್ಪು ಕೊಟ್ಟರು.

ಶುಕ್ರವಾರದ ರೈಲಿನಲ್ಲಿ ಅಡುಗೆಯ ದೇಗ್ಚಿಗಳು, ಮಸಾಲೆ ಡಬ್ಬಿ, ನಾನಿಯ ಕೆಂಪು ದಸ್ತರಖಾನ್ ಬಂದವು. ಆ ಮಧ್ಯಾಹ್ನ ನಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಒಬ್ಬಳೇ ನಗುತ್ತೇನೆ. ನಾನು, ನನ್ನ ಗಂಡ, ಖಾಲಾ ಹೊಸ ಬಟ್ಟೆ ಉಟ್ಟು, ಅತ್ತರು ಪೂಸಿಕೊಂಡು, ಮನೆಗೆ ಬೀಗ ಹಾಕಿ, "ನಿನ್ನ ತವರಿಗೆ ಹೋಗಿ ಬರೋಣ" ಎಂದು ಹೊರಟೆವು. ಹೊರಟ ಮನೆಯ ಮೆಟ್ಟಿಲಿಳಿದು ಬೇಲಿ ದಾಟಿದರೆ ತವರು ಬಂದೇಬಿಟ್ಟಿತು. ಬೇಲಿಯ ಈ ಕಡೆ ಬಂದ ಕೂಡಲೇ ತಮಿಳು ಅಕ್ಕ ತಂಬಿಗೆಯಲ್ಲಿ ಕಾಲಿಗೆ ನೀರು ಕೊಟ್ಟು, "ವಾಂಗೋ ಮಾಪ್ಳೈ! ಬನ್ನಿ ಅಳಿಯಂದ್ರೇ, ದೂರದಿಂದ ಬಂದಿದ್ದೀರಿ, ದಣಿವಾಯ್ತಾ?" ಎಂದು ನಕ್ಕರು. ಇಡೀ ಸಾಲಿನ ಕ್ವಾರ್ಟರ್ಸಿನವರು ಬೇಲಿಗೆ ಆತು ನೋಡುತ್ತಿದ್ದರು. ನಾನಿ ಮಾತ್ರ ಒಂಚೂರೂ ನಗದೆ, ದೂರದೂರಿನಿಂದ ಬಂದ ಅಳಿಯನನ್ನು ಎದುರುಗೊಳ್ಳುವ ಗಾಂಭೀರ್ಯದಿಂದ, "ಪ್ರಯಾಣ ಸುಖವಾಗಿತ್ತಾ ಬೇಟಾ?" ಎಂದು ಕೇಳಿದರು.

"ಸುಖವಾಗಿತ್ತು ನಾನಿ. ರೈಲು ಸರಿಯಾದ ಟೈಮಿಗಿತ್ತು," ಎಂದರು ಇವರು. ಆವಾಗ ನಾನಿಯೂ ನಕ್ಕರು. ಮೊದಲ ಶುಕ್ರವಾರ ತಿನ್ನದೆ ಬಿಟ್ಟ ಫಿರ್ನಿಯನ್ನು ಅವತ್ತು ಎರಡು ಬಟ್ಟಲು ತಿನ್ನಿಸಿಯೇ ಬಿಟ್ಟರು.

ಒಂದು ಸಂಜೆ ನಾವಿಬ್ಬರೂ ಭದ್ರಾ ಸೇತುವೆಯವರೆಗೆ ನಡೆದು ಹೋದೆವು. ನನ್ನ ಸಿಟ್ಟು ಒಳಗೇ ಇತ್ತು. "ಅವಳು ಹೇಳಿದ ಹಾಗೆ ಅಂದ್ಬಿಟ್ರಿ. ಜೆಂಟಲ್‌ಮನ್ ಆಗಿರೋದು ಸುಲಭ. ನಿಮಗೇನು ಬೇಕು ಅಂತ ಒಂದ್ಸಲ ಹೇಳಿ ನೋಡೋಣ," ಎಂದೆ.

ಅವರು ಸೇತುವೆಯ ಕಟ್ಟೆಗೆ ಒರಗಿದರು. "ಅಣ್ಣ ಒಳ್ಳೆಯವನು. ಕೆಲಸವೂ ಒಳ್ಳೇದೇ. ಸಮುದ್ರ ಇದೆ, ಟ್ರಾಮ್ ಇದೆ, ನಿಂಗೆ ಇಷ್ಟ ಆಗುತ್ತೆ. ಆದ್ರೆ ಅಲ್ಲಿ ಬಾಯಿ ತೆಗೆದ್ರೆ ಸಾಕು, ಎಲ್ಲಿಯವನು ನೀನು ಅಂತಾರೆ. ಲೇತ್ ಮಷೀನ್ ಮೇಲೆ ಅಳತೆ ತಗೊಳ್ಳುವಾಗ ಒಂದು ಎರಡು ಅಂತ ಎಣಿಸ್ತೀನಲ್ಲ, ಪಕ್ಕದವರು ಮಂತ್ರ ಹಾಕ್ತಿದ್ದಾನೆ ಅಂತ ನಗ್ತಾರೆ. ಉರ್ದೂಲಿ ಎಣಿಸಿದ್ರೆ ನನ್ನ ಅಳತೆ ತಪ್ಪುತ್ತೆ." ಆಮೇಲೆ, "ಅಷ್ಟೇ. ಇದೇನು ದೊಡ್ಡ ಕಾರಣ ಅಲ್ಲ," ಎಂದರು.

ದೊಡ್ಡ ಕಾರಣಗಳನ್ನು ಬೇರೆಯವರು ಬೇಕಾದಷ್ಟು ಹೇಳಿದ್ದರು. ನನ್ನೊಳಗೆ ಇಳಿದದ್ದು ಇದು. ಆದರೂ ಹೆದರಿಕೆ ಹೋಗಲಿಲ್ಲ. ಇಲ್ಲೇ ಇರಿ ಎಂದು ನಾನು ಹೇಳಿ, ಆಮೇಲೆ ಹೊರಡು ಎಂದು ಸರ್ಕಾರ ಹೇಳಿದರೆ? ನನ್ನ ಮಾತು ನಂಬಿ ಅವರು ಎರಡೂ ಕಡೆಯೂ ಇಲ್ಲದವರಾದರೆ?

ರಜೆ ಮುಗಿದು ಕಾನ್ವೆಂಟಿಗೆ ಹೋದ ದಿನ ಮದರ್ ಸುಪೀರಿಯರ್ ಅವರ ಕೋಣೆಗೆ ಹೋದೆ. ಅವರು ಇಟಲಿಯವರು. ಎತ್ತರದ ಹೆಂಗಸು, ಗಟ್ಟಿ ದನಿ, ಅವರ ಇಂಗ್ಲಿಷಿನಲ್ಲಿ ಪ್ರತಿ ಪದದ ಕೊನೆಗೂ ಒಂದು ಸ್ವರ ತೂಗಾಡುತ್ತಿತ್ತು. ಮದುವೆಗೆ ಅವರು ಕೊಟ್ಟ ಕಸೂತಿ ಮೇಜುಹಾಸು ಇನ್ನೂ ನನ್ನ ಹತ್ತಿರ ಇದೆ. ನನ್ನ ಕಥೆಯನ್ನೆಲ್ಲ ಕೇಳಿದ ಮೇಲೆ ಅವರು ನಕ್ಕುಬಿಟ್ಟರು.

"ಚೈಲ್ಡ್, ನಾನೂ ಪ್ರತಿ ವರ್ಷ ಅದೇ ಆಫೀಸಿಗೆ ಹೋಗುತ್ತೇನೆ. ಅದೇ ಇನ್ಸ್‌ಪೆಕ್ಟರ್. ಪರ್ಪಸ್ ಆಫ್ ಸ್ಟೇ ಏನು ಎಂದು ಕೇಳುತ್ತಾರೆ."

"ನೀವು ಏನು ಹೇಳ್ತೀರಿ ಮದರ್?"

"ಐ ಸೇ, ಮಲ್ಟಿಪ್ಲಿಕೇಶನ್ ಟೇಬಲ್ಸ್. ಅವರು ನಗುವುದಿಲ್ಲ. ಬರೆದುಕೊಳ್ಳುತ್ತಾರೆ." ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು, "ಯಾವ ಬಾಗಿಲು ಅಗಲ ಇದೆ ಎಂದು ನೋಡಬೇಡ. ಯಾವ ಊರಿನಲ್ಲಿ ಒಂದು ಡಲ್ ಟ್ಯೂಸ್‌ಡೇ ಬಂದರೂ ಪರವಾಗಿಲ್ಲ ಅನಿಸುತ್ತದೆ, ಅದನ್ನು ನೋಡು. ಹಬ್ಬದ ದಿನ ಎಲ್ಲ ಊರೂ ಚೆನ್ನ. ಬದುಕಿನಲ್ಲಿ ಮಂಗಳವಾರಗಳೇ ಹೆಚ್ಚು."

ಸಂಜೆಯ ರೈಲಿನಲ್ಲಿ ಮೂಲೆಯ ಸೀಟಿನಲ್ಲಿ ಕೂತು ಇದನ್ನೇ ಯೋಚಿಸಿದೆ. ಕರಾಚಿಯ ಸಮುದ್ರವನ್ನು, ಟ್ರಾಮನ್ನು ಕಣ್ಣ ಮುಂದೆ ತಂದುಕೊಂಡೆ. ಭಾನುವಾರಗಳೆಲ್ಲ ಚೆನ್ನಾಗಿ ಕಂಡವು. ಮಂಗಳವಾರ ಕಾಣಲೇ ಇಲ್ಲ. ಅದು ಕಂಡದ್ದು ಇಲ್ಲೇ: ಬೆಳಗ್ಗೆ ರೈಲು, ಮಕ್ಕಳ ಮೂಗು ಒರೆಸುವುದು, ಸಂಜೆ ಬೇಲಿಯಾಚೆಯಿಂದ ತಮಿಳು ಅಕ್ಕನ ರಸಂ ವಾಸನೆ, ಸ್ಕ್ರೂ ಎಣಿಸುತ್ತ ಕೂತ ಇವರು.

ಕೊನೆಯ ಜುಮಾಗಿಯ ದಿನ, ಎಲ್ಲರೂ ಉಂಡು ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಹೇಳಿದೆ. "ಇಲ್ಲೇ ಇರೋಣ. ಅರ್ಜಿ ಹಾಕಿ. ಆಗದೆ ಹೋದರೆ ಆಗ ನಾನೂ ನಿಮ್ಮ ಜೊತೆ ಹೊರಡ್ತೀನಿ. ನೀವೊಬ್ರೇ ಹೋಗೋದು ಅನ್ನೋ ಮಾತಿಲ್ಲ."

ಅವರ ಮುಖದಲ್ಲಿ ಏನಾಯಿತೋ ನಾನು ನೋಡಲಿಲ್ಲ, ಅಷ್ಟರಲ್ಲಿ ಖಾಲಾ ನನ್ನನ್ನು ತಬ್ಬಿ ನನ್ನ ಸೆರಗಿನಲ್ಲೇ ಮೂಗು ಒರೆಸಿಕೊಂಡರು. ಅಬ್ಬಾ ಎದ್ದು ಹೋಗಿ ಹಿತ್ತಿಲಲ್ಲಿ ಬೀಡಿ ಹಚ್ಚಿದರು. ನಾನಿ ದೇಗ್ಚಿಗಳನ್ನು ಒಂದರೊಳಗೊಂದು ಇಡುತ್ತಿದ್ದವರು ನಿಲ್ಲಿಸಿ, "ಹಾಗಾದ್ರೆ ಇವನ್ನ ವಾಪಸ್ ಹೊರೋದ್ಯಾಕೆ? ಇಲ್ಲೇ ಇರಲಿ," ಎಂದರು.

ಅರ್ಜಿ ಹೋಯಿತು. ವೀಸಾ ಮುಂದುವರಿಯಿತು, ಮತ್ತೆ ಮುಂದುವರಿಯಿತು. ಪ್ರತಿ ಸಲವೂ ಅದೇ ಒಂದು ಊರು. ನಾನು ದಿನಾ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಪಾಠ ಹೇಳಿ ಬರುತ್ತಿದ್ದೆ. ಅವರು ಮನೆಯಲ್ಲಿ. ಕೂಲಿಗೆ ಕೆಲಸ ಮಾಡುವಂತಿಲ್ಲ, ಸುಮ್ಮನೆ ಕೂರುವ ಜಾತಿಯಲ್ಲ. ಕ್ವಾರ್ಟರ್ಸಿನ ಸ್ಟೌ, ಹೊಲಿಗೆ ಮಷೀನು, ಗೋಡೆ ಗಡಿಯಾರ ಎಲ್ಲ ಅವರ ಮುಂದೆ ಸಾಲಾಗಿ ಬರತೊಡಗಿದವು. ಮಧ್ಯೆ ಅಡುಗೆಯನ್ನೂ ಕಲಿತರು. ನಾನು ಸಂಜೆ ಬರುವ ಹೊತ್ತಿಗೆ ಚಹಾ ಇಳಿಸಿ ಇಟ್ಟಿರುತ್ತಿದ್ದರು.

"ಏನ್ ಮಾಪ್ಳೈ, ಹೆಂಡ್ತಿ ಡ್ಯೂಟಿಯಿಂದ ಬಂದ್ರಾ? ಕಾಲು ಒತ್ತಿದ್ರಾ?" ಎಂದು ತಮಿಳು ಅಕ್ಕ ಬೇಲಿಯಾಚೆಯಿಂದ ಕೆಣಕುತ್ತಿದ್ದರು.

"ಒತ್ತಿದೆ ಅಕ್ಕ. ಸಂಬಳ ಕೊಡ್ತೀನಿ ಅಂದ್ಲು, ಸರ್ಕಾರ ತಗೋಬಾರ್ದು ಅಂದಿದೆ!"

ನಗುತ್ತಿದ್ದರು ನಿಜ. ಆದರೆ ಭಾನುವಾರ ನಾನು ತವರಿಗೆ ಹೊರಟಾಗ ಸ್ಟೇಷನ್ನಿನವರೆಗೆ ಬಂದು, ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ರೈಲು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಇಡುತ್ತಿದ್ದರು. ಕರಾಚಿಯ ಅಣ್ಣನಿಂದ ಒಂದು ಪತ್ರ ಬಂತು, ನೊಂದುಕೊಂಡು ಬರೆದದ್ದು. ಅವರು ಅದನ್ನು ಓದಿ, ಮಡಿಚಿ, ಅವತ್ತೆಲ್ಲ ಯಾರದೋ ಗಡಿಯಾರ ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಿದರು.

ಕೊನೆಗೂ ಕರೆ ಬಂದಾಗ ನನ್ನ ದೊಡ್ಡ ಮಗ ಹೊಟ್ಟೆಯಲ್ಲಿದ್ದ. ಜಿಲ್ಲಾ ಕಚೇರಿಗೆ ಬಂದು ಪ್ರಮಾಣ ಸ್ವೀಕರಿಸಬೇಕೆಂದು ಬರೆದಿತ್ತು. ಶಿವಮೊಗ್ಗಕ್ಕೆ ಅವರು ಪರ್ಮಿಷನ್ ಹಿಡಿದು ಬಂದದ್ದು ಅವತ್ತೇ ಮೊದಲು, ಅವತ್ತೇ ಕೊನೆ. ಕಚೇರಿಯ ಹೊರಗೆ ಬೆಂಚಿನ ಮೇಲೆ ನಾನು, ಅಬ್ಬಾ, ನಾನಿ ಕೂತಿದ್ದೆವು. ಒಳಗಿನಿಂದ ಅವರು ಪ್ರಮಾಣ ಓದುವ ದನಿ ಕೇಳಿಸುತ್ತಿತ್ತು. ನಡುವೆ ಒಮ್ಮೆ ತಡವರಿಸಿದರು. ಮತ್ತೆ ಮೊದಲಿನಿಂದ ಓದಿದರು.

ನಾನಿಯ ತೊಡೆಯ ಮೇಲೆ ಕೇಸರಿಬಾತಿನ ಡಬ್ಬಿ ಇತ್ತು. ಇನ್ಸ್‌ಪೆಕ್ಟರಿಗೆ ಕೊಡಲೆಂದು ಅದೇ ಮೇಷ್ಟರ ಮನೆಯಲ್ಲಿ ಮಾಡಿಸಿ ತಂದಿದ್ದರು. ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿ ತಿಂಗಳುಗಳೇ ಆಗಿದ್ದವು. ಹೇಳಿದರೆ ನಾನಿ ಕೇಳಬೇಕಲ್ಲ! ಪೊಲೀಸ್ ಕಚೇರಿಗೆ ಹೋಗಿ ಆ ಕುರ್ಚಿಯಲ್ಲಿ ಕೂತಿದ್ದ ಹೊಸಬರ ಮುಂದೆ ಡಬ್ಬಿ ಇಟ್ಟು, "ನಿಮ್ಮ ಕಣ್ಣಿಗೆ ಇದು ಕಾಣ್ತದಾ?" ಎಂದು ಕೇಳಿದರು. ಆ ಮನುಷ್ಯ ಗಾಬರಿಯಾಗಿ, "ಕಾಣ್ತಿದೆ ಅಜ್ಜಿ, ಯಾಕೆ?" ಎಂದರು. "ಹಾಗಾದ್ರೆ ತಿನ್ನಿ." ಯಾರಿಗೆ ಸೇರಬೇಕಾಗಿತ್ತೋ ಅವರಿಗೆ ಅದು ಸೇರಲೇ ಇಲ್ಲ ಎಂಬುದು ನನಗೆ ಈಗಲೂ ಒಂದು ಕೊರತೆ. ವಿಷಯವಾದರೂ ಅವರಿಗೆ ತಿಳಿಯಿತೋ ಇಲ್ಲವೋ.

ಮನೆಯಲ್ಲಿ ಬಿರಿಯಾನಿ ಕಾದಿತ್ತು. ಅಬ್ಬಾ ಜಟಕಾ ಕರೆದರು. ನನ್ನ ಗಂಡ, "ನೀವು ನಡೀರಿ ಮಾಮು. ನಾವು ಒಂಚೂರು ಬಸ್‌ಸ್ಟ್ಯಾಂಡಿಗೆ ಹೋಗಿ ಬರ್ತೀವಿ," ಎಂದರು. ನನಗೂ ಏನೂ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬನನ್ನು ನಿಲ್ಲಿಸಿ, "ಮೊದ್ಲು ಹೊರಡೋ ಬಸ್ ಯಾವುದು?" ಎಂದು ಕೇಳಿದರು.

"ಕುಂಸಿ. ಎಲ್ಲಿಗೆ ಹೋಗ್ಬೇಕು ನೀವು?"

"ಕುಂಸಿಗೇ," ಎಂದು ನನ್ನನ್ನು ಹತ್ತಿಸಿದರು.

"ಕುಂಸಿಯಲ್ಲಿ ಏನಿದೆ?" ಎಂದು ಕೇಳಿದೆ.

"ಏನೂ ಇಲ್ಲ. ಅದಕ್ಕೇ."

ಬಸ್ಸು ಕುಲುಕುತ್ತ ಹೋಯಿತು. ಅವರು ಕಿಟಕಿಗೆ ಮುಖ ಕೊಟ್ಟು, ರಸ್ತೆ ಬದಿಯ ಮೈಲಿಗಲ್ಲುಗಳನ್ನು ಸಣ್ಣ ಹುಡುಗನ ಹಾಗೆ ಎಣಿಸುತ್ತಿದ್ದರು, ಒಂದು, ಎರಡು, ಮೂರು ಎಂದು. ಕುಂಸಿಯಲ್ಲಿ ಇಳಿದು ಒಂದು ಹೋಟೆಲಿನ ಬೆಂಚಿನ ಮೇಲೆ ಕೂತೆವು. ಎರಡು ಚಹಾ. ಹೋಟೆಲಿನವನು ಲೋಟ ಇಡುತ್ತ, ಹೊಸ ಮುಖಗಳನ್ನು ಕಂಡು, "ಯಾವೂರಾಯ್ತು ನಿಮ್ದು?" ಎಂದ.

"ಭದ್ರಾವತಿ," ಎಂದರು ಇವರು.

"ಹೌದಾ," ಎಂದು ಅವನು ಒಲೆಯ ಕಡೆ ತಿರುಗಿಕೊಂಡ. ಅಷ್ಟೇ. ಮತ್ತೇನೂ ಕೇಳಲಿಲ್ಲ. ನನ್ನ ಗಂಡ ಆ ಒಂದು "ಹೌದಾ" ಕೇಳಿಸಿಕೊಂಡ ಮುಖವನ್ನು ನಾನು ಮರೆತಿಲ್ಲ. ಚಹಾ ನೀರು ನೀರಾಗಿತ್ತು, ಇನ್ನೊಂದು ಲೋಟ ಹೇಳಿದರು.

ಮುಂದೆ ಸವಳಂಗ ರಸ್ತೆಯ ವರ್ಕ್‌ಶಾಪಿಗೆ ಅಬ್ಬಾ ಒಂದು ಸೆಕೆಂಡ್‌ಹ್ಯಾಂಡ್ ಲೇತ್ ತಂದರು. ಅದರ ಮುಂದೆ ಇವರು ಬದುಕಿಡೀ ಕನ್ನಡದಲ್ಲಿ ಎಣಿಸಿದರು. ಕೆಲವು ವರ್ಷಗಳಲ್ಲಿ ಯುದ್ಧ ಬಂದು ಆ ಕಡೆಯ ದಾರಿ ಮುಚ್ಚಿತು. ಅಣ್ಣನನ್ನು ಆಮೇಲೆ ಒಂದೇ ಒಂದು ಸಲ ನೋಡಲು ಸಾಧ್ಯವಾಯಿತು, ಅಷ್ಟರಲ್ಲಿ ಇಬ್ಬರೂ ಮುದುಕರು. ನಾನು ಆರಿಸಿದ ದಾರಿಗೆ ಅದೂ ಸೇರಿತ್ತು. ಅವರು ಒಂದು ದಿನವೂ ಅದನ್ನು ನನ್ನ ಮುಂದೆ ಆಡಲಿಲ್ಲ. ಮಳೆ ಬಂದು ಕೆಲಸವಿಲ್ಲದ ದಿನ ಕೆಲವೊಮ್ಮೆ, "ಸಮುದ್ರದ ಗಾಳಿಗೆ ಉಪ್ಪಿರುತ್ತೆ, ಕಬ್ಬಿಣ ತಿನ್ನುತ್ತೆ," ಎನ್ನುತ್ತಿದ್ದರು.

ನಾವು ಕುಂಸಿಗೆ ಹೋದದ್ದು ಮಂಗಳವಾರವಲ್ಲ, ಗುರುವಾರ. ಮದರ್‌ಗೆ ಮರುದಿನ ಹೇಳಿದಾಗ ಅವರು, "ಥರ್ಸ್‌ಡೇ ವಿಲ್ ಡು," ಎಂದರು. ಮಂಗಳವಾರಗಳು ಆಮೇಲೆ ಬೇಕಾದಷ್ಟು ಬಂದವು.